ಎರಡು ಕಿಲೋಮೀಟರಿನ ಮೊಟ್ಟೆ

ದಿನಾ ನಡೆಯಬೇಕು ಅನ್ನುವುದು ನಿಮ್ಮಲ್ಲಿ ಯಾರಿಗೂ ಗೊತ್ತಿಲ್ಲದ ವಿಷಯವಲ್ಲ ಮಕ್ಕಳೇ. ಬೆಳಗ್ಗೆ ಒಂಬತ್ತಕ್ಕೆ ಲ್ಯಾಪ್‌ಟಾಪ್ ಮುಂದೆ ಕೂತರೆ ರಾತ್ರಿ ಊಟಕ್ಕೆ ಏಳುವ ನಿಮಗೆ ಡಾಕ್ಟರು, ಅಮ್ಮ, ಆಫೀಸಿನ ಹೆಲ್ತ್ ಚೆಕಪ್ ರಿಪೋರ್ಟು ಎಲ್ಲ ಅದನ್ನೇ ಹೇಳಿಯಾಗಿದೆ. ತೊಡಕಿರುವುದು ಚಪ್ಪಲಿ ಮೆಟ್ಟಿ ಗೇಟು ದಾಟುವ ಮೊದಲ ಐದು ನಿಮಿಷದಲ್ಲಿ. ಆ ಐದು ನಿಮಿಷವನ್ನು ದಾಟಿಸಲು ಒಂದು ಮೊಬೈಲ್ ಆಟ ನೆರವಾಗುತ್ತದೆ ಎಂದು ನಾನು ನಂಬಿದ್ದೇನೆ. ನಮ್ಮ ಮನೆಯ ಹುಡುಗರಲ್ಲಿ ಕಣ್ಣಾರೆ ಕಂಡಿದ್ದೇನೆ, ನಾನೂ ಆಡುತ್ತೇನೆ.

ಬ್ಯಾಂಕಿನ ಕೌಂಟರಿನಲ್ಲಿ ಕೂತೇ ದುಡಿದು ನಿವೃತ್ತಳಾದವಳು ನಾನು. ಕೂತು ಕೂತು ಹಿಡಿದುಹೋದ ಸೊಂಟ, ಊದಿದ ಕಾಲು, ಏರಿದ ಸಕ್ಕರೆ ಇವನ್ನೆಲ್ಲ ಜೊತೆಯವರಲ್ಲಿ ಹತ್ತಿರದಿಂದ ನೋಡಿದ್ದೇನೆ. ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ ಇದೆ ಎಂದು 2023ರಲ್ಲಿ ಐಸಿಎಂಆರ್ ನೆರವಿನ ಅಧ್ಯಯನ ಅಂದಾಜು ಮಾಡಿತು. ಆ ಲೆಕ್ಕಕ್ಕೆ ನೀವು ಸೇರಬಾರದು ಅನ್ನುವುದೇ ನನ್ನ ಆಸೆ. ನಾನು ಹೇಳುತ್ತಿರುವ ಆಟ ಪೋಕೆಮಾನ್ ಗೋ. 2016ರ ಜುಲೈನಲ್ಲಿ ಹೊರದೇಶಗಳಲ್ಲಿ ಶುರುವಾಗಿ ಅದೇ ಡಿಸೆಂಬರ್‌ನಲ್ಲಿ ನಮ್ಮಲ್ಲಿಗೆ ಬಂತು. ನಿಮ್ಮಲ್ಲಿ ಹೆಚ್ಚಿನವರು ಶಾಲೆ ಬಿಟ್ಟು ಬಂದು ಟೀವಿಯಲ್ಲಿ ನೋಡಿದ ಅದೇ ಪಿಕಾಚು, ಅದೇ ಚಾರ್ಮ್ಯಾಂಡರ್. ಫೋನಿನ ನಕ್ಷೆಯಲ್ಲಿ ನೀವು ನಡೆದಲ್ಲೆಲ್ಲ ಅವು ಕಾಣಿಸಿಕೊಳ್ಳುತ್ತವೆ, ಹಿಡಿಯಬೇಕು. ನಡೆದಷ್ಟೂ ಸಿಗುತ್ತದೆ, ಕೂತರೆ ಆಟ ಮುಂದೆ ಸಾಗುವುದೇ ಕಷ್ಟ.

• ಮೊದಲು ಮಾಡಬೇಕಾದ ಕೆಲಸ: ಆಟದ ಸೆಟ್ಟಿಂಗಿನಲ್ಲಿ ಅಡ್ವೆಂಚರ್ ಸಿಂಕ್ ಆನ್ ಮಾಡಿ. ಇದು ಫೋನಿನ ಆರೋಗ್ಯ ಆ್ಯಪ್‌ನಿಂದ ನಿಮ್ಮ ನಡಿಗೆಯ ಲೆಕ್ಕ ತೆಗೆದುಕೊಳ್ಳುತ್ತದೆ. ಆಟ ಮುಚ್ಚಿದ್ದರೂ, ಫೋನು ಜೇಬಿನಲ್ಲಿದ್ದರೂ ದೂರ ಜಮೆಯಾಗುತ್ತಲೇ ಇರುತ್ತದೆ. ಆಟವನ್ನು ನಡಿಗೆಗೆ ಬಳಸುವವರಿಗೆ ಇದಕ್ಕಿಂತ ಮುಖ್ಯವಾದ ಗುಂಡಿ ಇನ್ನೊಂದಿಲ್ಲ. ಕತ್ತು ಬಗ್ಗಿಸಿ ಪರದೆ ನೋಡುತ್ತ ನಡೆಯಬೇಕಾದ ಅಗತ್ಯವೇ ಇದರಿಂದ ತಪ್ಪುತ್ತದೆ.

• ಗುರಿ ದೊಡ್ಡದಿಟ್ಟುಕೊಳ್ಳಬೇಡಿ, 2 ಕಿ.ಮೀ. ಮೊಟ್ಟೆಯಿಂದ ಶುರುಮಾಡಿ. ಆಟದ ನಕ್ಷೆಯಲ್ಲಿ ಗುರುತು ಹಾಕಿದ ಜಾಗಗಳೇ ಪೋಕೆಸ್ಟಾಪ್, ಹತ್ತಿರ ಹೋಗಿ ಪರದೆಯಲ್ಲಿ ಅದರ ಚಿತ್ರ ತಿರುಗಿಸಬೇಕು. ಪೋಕೆಸ್ಟಾಪ್‌ಗಳಲ್ಲಿ 2, 5, 10 ಕಿಲೋಮೀಟರಿನ ಮೊಟ್ಟೆಗಳು ಸಿಗುತ್ತವೆ. ಇನ್‌ಕ್ಯುಬೇಟರಿನಲ್ಲಿ ಇಟ್ಟು ಅಷ್ಟು ದೂರ ನಡೆದರೆ ಮೊಟ್ಟೆ ಒಡೆದು ಮರಿ ಬರುತ್ತದೆ. ಈಗ ಲೆಕ್ಕ ನೋಡಿ. ಸ್ವಲ್ಪ ಬಿರುಸಾಗಿ ನಡೆದರೆ 2 ಕಿ.ಮೀ.ಗೆ ಸುಮಾರು ಅರ್ಧ ಗಂಟೆ. ವಾರಕ್ಕೆ ಐದು ದಿನ ಅಂಥ ಒಂದೊಂದು ಮೊಟ್ಟೆಯಷ್ಟು ನಡೆದರೆ 150 ನಿಮಿಷ. ವಯಸ್ಕರು ವಾರಕ್ಕೆ ಕನಿಷ್ಠ ಇಷ್ಟಾದರೂ ಮೈಗೆ ಹದವಾದ ಶ್ರಮ ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಆ 150 ನಿಮಿಷವನ್ನೇ. 2 ಕಿ.ಮೀ. ಮೊಟ್ಟೆ ಕೈಯಲ್ಲಿ ಇಲ್ಲದ ದಿನ 5 ಕಿ.ಮೀ.ನದನ್ನಿಟ್ಟು ಎರಡು ಮೂರು ದಿನಕ್ಕೆ ಹಂಚಿಕೊಳ್ಳಿ. ಹತ್ತು ಕಿಲೋಮೀಟರಿನ ಮೊಟ್ಟೆಯಲ್ಲಿ ಅಪರೂಪದ್ದು ಬರಬಹುದು ಅನ್ನುವ ಆಸೆಗೆ ಮೊದಲ ದಿನವೇ ಅಷ್ಟೂ ನಡೆದು, ಮರುದಿನ ಕಾಲು ಎತ್ತಿಡಲಾಗದೆ ಮಲಗಿ, ಮೂರನೇ ದಿನ ಆಟವನ್ನೇ ಬಿಟ್ಟವರನ್ನು ಬಲ್ಲೆ.

• ಬಿರುಸು ಅಂದರೆ ಎಷ್ಟು ಅಂತ ಕೇಳುತ್ತೀರಿ. ಪಕ್ಕದಲ್ಲಿ ಬರುವವರ ಜೊತೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಇದಕ್ಕೆ ಯಾವ ಕೈಗಡಿಯಾರವೂ ಬೇಡ. ಆದರೆ ಪ್ರತಿ ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು ಪೋಕೆಮಾನ್ ಹಿಡಿಯುತ್ತಿದ್ದರೆ ಆ ಬಿರುಸು ಬರುವುದಿಲ್ಲ. ಹೋಗುವಾಗ ಫೋನು ಜೇಬಿನಲ್ಲಿರಲಿ, ಕಾಲಿಗೆ ಕೆಲಸ ಕೊಡಿ. ಬರುವಾಗ ನಿಧಾನಕ್ಕೆ ನಿಂತು ಹಿಡಿಯಿರಿ. ನಮ್ಮ ಮನೆಯಲ್ಲಿ ಎಲ್ಲರಿಗೂ ಹೊಂದಿಕೆಯಾದದ್ದು ಈ ಕ್ರಮ.

• ಹೊತ್ತು ಒಂದೇ ಇರಲಿ, ಅದು ಈಗಾಗಲೇ ಇರುವ ಅಭ್ಯಾಸದ ಬೆನ್ನಿಗೆ ಬರಲಿ. ಬೆಳಗಿನ ಕಾಫಿ ಲೋಟ ತೊಳೆದಿಟ್ಟ ತಕ್ಷಣ, ಅಥವಾ ಮಗುವನ್ನು ಸ್ಕೂಲ್ ಬಸ್ ಹತ್ತಿಸಿದ ಮೇಲೆ ಮನೆಗೆ ತಿರುಗದೆ ಅಲ್ಲಿಂದಲೇ. ಸಕ್ಕರೆಯ ಚಿಂತೆ ಇರುವವರಿಗೆ ರಾತ್ರಿ ಊಟವಾದ ಮೇಲಿನ ಹೊತ್ತು ಒಳ್ಳೆಯದು. ಊಟದ ನಂತರದ ಹತ್ತು ಹದಿನೈದು ನಿಮಿಷದ ನಡಿಗೆ ರಕ್ತದಲ್ಲಿ ಸಕ್ಕರೆ ಏಕಾಏಕಿ ಏರುವುದನ್ನು ತಗ್ಗಿಸುತ್ತದೆ. ಆಟದಲ್ಲೂ ವಾರದ ಹೊತ್ತುಗಳಿವೆ. ಮಂಗಳವಾರ ಸಂಜೆ 6ರಿಂದ 7 ಸ್ಪಾಟ್‌ಲೈಟ್ ಅವರ್, ಒಂದೇ ಬಗೆಯ ಪೋಕೆಮಾನ್ ಎಲ್ಲೆಲ್ಲೂ ಕಾಣಿಸುತ್ತದೆ. ಆ ಒಂದು ಗಂಟೆಗೆ ಕ್ಯಾಲೆಂಡರಿನಲ್ಲಿ ಮೀಟಿಂಗ್ ಎಂದೇ ಗುರುತು ಹಾಕಿಬಿಡಿ. ತಿಂಗಳಿಗೊಮ್ಮೆ ಬರುವ ಆಟದ ವಿಶೇಷ ದಿನ ಕಮ್ಯುನಿಟಿ ಡೇ ಮಾತ್ರ ಸಾಮಾನ್ಯವಾಗಿ ಮಧ್ಯಾಹ್ನ 2ರಿಂದ 5. ಏಪ್ರಿಲ್ ಬಿಸಿಲಲ್ಲಿ ರಾಯಚೂರು, ಕಲಬುರಗಿ, ಬಳ್ಳಾರಿಯಲ್ಲಿರುವವರು ಆ ಹೊತ್ತಿಗೆ ದಯವಿಟ್ಟು ಹೊರಗೆ ಹೋಗಬೇಡಿ. ಯಾವ ಪೋಕೆಮಾನಿಗೂ ಅಷ್ಟು ಬೆಲೆ ಇಲ್ಲ.

• ದಾರಿಯನ್ನು ಆರಿಸಿಕೊಳ್ಳುವುದರಲ್ಲಿ ಅವಸರ ಬೇಡ, ಅಭ್ಯಾಸ ನಿಲ್ಲುವುದೋ ಬೀಳುವುದೋ ಬಹುಪಾಲು ಇಲ್ಲೇ. ಪೋಕೆಸ್ಟಾಪ್‌ಗಳನ್ನು ಯಾರೋ ಕೂತು ನಕ್ಷೆಯ ಮೇಲೆ ಸುಮ್ಮನೆ ಚುಕ್ಕಿ ಇಟ್ಟದ್ದಲ್ಲ. ಪೋಕೆಮಾನ್ ಗೋ ರೂಪಿಸಿದ ನಯಾಂಟಿಕ್ ಕಂಪನಿಯ ಹಿಂದಿನ ಆಟ ಇಂಗ್ರೆಸ್. ಅದು 2012ರಲ್ಲಿ ಶುರುವಾದಾಗಿನಿಂದ ಆಟಗಾರರೇ ತಮ್ಮ ಊರಿನ ಪ್ರತಿಮೆ, ಹಳೆಯ ಕಟ್ಟಡ, ಪಾರ್ಕು, ಗುಡಿ, ಗೋಡೆಚಿತ್ರಗಳ ಫೋಟೊ ತೆಗೆದು ಕಳಿಸಿದ್ದರು. ಅವೇ ಇಲ್ಲಿಗೂ ಬಂದವು. ಹಾಗಾಗಿ ಆಟ ನಿಮ್ಮನ್ನು ಕರೆದೊಯ್ಯುವುದು ಊರಿನ ನೋಡತಕ್ಕ ಜಾಗಗಳಿಗೇ. ಮೈಸೂರಿನಲ್ಲಿದ್ದರೆ ದೇವರಾಜ ಮಾರುಕಟ್ಟೆಯ ಮಗ್ಗುಲಿನ ಚಿಕ್ಕ ಗಡಿಯಾರದಿಂದ ಹೊರಟು, ಕೆ.ಆರ್. ವೃತ್ತ ಬಳಸಿ, ಪುರಭವನದ ಬಳಿಯ ದೊಡ್ಡ ಗಡಿಯಾರದವರೆಗೆ ನಡೆಯಿರಿ. ಅಲ್ಲಿ ಒಂದು ಸಲ ತಲೆ ಎತ್ತಿ ನೋಡಿ: 1927ರಲ್ಲಿ ಅರಸ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಕಟ್ಟಿದ ಆ ಗೋಪುರದ ಗಡಿಯಾರದಲ್ಲಿ ಅಂಕಿಗಳು ಕನ್ನಡದಲ್ಲಿವೆ. ಅದರ ಕೆಳಗೇ ನಿತ್ಯ ಸ್ಕೂಟರಿನಲ್ಲಿ ಹಾದುಹೋಗುವ ನನ್ನ ಅಣ್ಣನ ಮಗ ಅದನ್ನು ಗಮನಿಸಿದ್ದು ಆಟಕ್ಕೆಂದು ನಡೆದುಹೋದ ದಿನ.

• ಪೇಟೆ ಬೇಡ ಅನ್ನುವವರಿಗೆ ಕೆರೆ ಏರಿ ಇದೆ. ಕುವೆಂಪು ಅವರು ನಡೆದಾಡುತ್ತಿದ್ದ ಕುಕ್ಕರಹಳ್ಳಿ ಕೆರೆಯ ಏರಿಯಲ್ಲಿ ಗಾಡಿಗಳ ಕಾಟವಿಲ್ಲ, ನೆರಳಿದೆ, ನಡೆಯುವವರು ಬೆಳಗ್ಗೆ ಸಾಲುಸಾಲು. ಅಲ್ಲಿ ನನ್ನದೊಂದು ಕಟ್ಟುನಿಟ್ಟು. ಹೆಜ್ಜಾರ್ಲೆ ನೀರಿಗಿಳಿಯುವುದು ಕಂಡರೆ ಫೋನು ಒಳಗೆ ಹೋಗಬೇಕು. ಆ ದೊಡ್ಡ ಹಕ್ಕಿ ರೆಕ್ಕೆ ಬಿಚ್ಚಿ, ಕಾಲು ಮುಂದೆ ಚಾಚಿ, ನೀರಿನ ಮೇಲೆ ಒಂದಷ್ಟು ದೂರ ಜಾರಿಕೊಂಡು ಹೋಗಿ ನಿಲ್ಲುತ್ತದೆ. ಆಮೇಲೆ ಕೊಕ್ಕಿನ ಕೆಳಗಿನ ಚೀಲವನ್ನು ಒಮ್ಮೆ ಅಲ್ಲಾಡಿಸಿಕೊಳ್ಳುತ್ತದೆ. ಪರದೆಯಲ್ಲಿ ಸಿಗುವುದೆಲ್ಲ ನಾಳೆಯೂ ಸಿಗುತ್ತದೆ. ಬೆಂಗಳೂರಿನವರಿಗೆ ಭಾನುವಾರದ ಕಬ್ಬನ್ ಪಾರ್ಕ್ ಇದೆ, ಅವತ್ತು ಒಳಗಿನ ರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ. ನಿಮ್ಮ ಬಡಾವಣೆಯಲ್ಲಿ ಒಂದೇ ಒಂದು ಸ್ಟಾಪ್ ಇದ್ದರೂ ಚಿಂತೆಯಿಲ್ಲ. ಮೊಟ್ಟೆಗೆ ಬೇಕಾದದ್ದು ದೂರ, ಸ್ಟಾಪ್ ಅಲ್ಲ.

• ನಿಂತು ಹಿಡಿಯಿರಿ, ನಡೆಯುತ್ತ ಹಿಡಿಯಬೇಡಿ. ನಮ್ಮ ಊರುಗಳ ಫುಟ್‌ಪಾತ್ ಹೇಗಿದೆ ಅಂತ ನಿಮಗೇ ಗೊತ್ತು. ಚರಂಡಿಯ ಚಪ್ಪಡಿ ಒಂದು ಕಡೆ ಎದ್ದಿರುತ್ತದೆ, ಇನ್ನೊಂದು ಕಡೆ ಇರುವುದೇ ಇಲ್ಲ. ಟ್ರಾಫಿಕ್ ಜಾಸ್ತಿಯಾದ ಹೊತ್ತಿಗೆ ಬೈಕುಗಳು ಫುಟ್‌ಪಾತ್ ಮೇಲೇ ಬರುತ್ತವೆ. ಟ್ರಾನ್ಸ್‌ಫಾರ್ಮರ್ ಕೆಳಗೆ ಮಲಗಿದ ನಾಯಿಯ ಬಾಲ ಪರದೆಯಲ್ಲಿ ಕಾಣುವುದಿಲ್ಲ. ಫೋನು ನಡುಗಿತು ಅಂದರೆ ಮೊದಲು ದಾರಿಯಿಂದ ಪಕ್ಕಕ್ಕೆ ಸರಿಯಿರಿ, ಬೆನ್ನು ಒಂದು ಗೋಡೆಗೋ ಮರಕ್ಕೋ ಇರಲಿ, ಆಮೇಲೆ ಫೋನು ತೆಗೆಯಿರಿ. ಬೆನ್ನು ಗೋಡೆಗಿದ್ದರೆ ಕೈಯಿಂದ ಫೋನು ಕಿತ್ತುಕೊಂಡು ಹೋಗುವವರಿಗೂ ಸುಲಭವಲ್ಲ. ರಸ್ತೆ ದಾಟುವಾಗ ಫೋನು ಕೈಯಲ್ಲೇ ಇರಬಾರದು. ಕಿವಿಯ ಇಯರ್‌ಫೋನೂ ಒಂದೇ ಕಡೆ ಸಾಕು.

• ಸ್ಕೂಟರ್, ಕಾರು ಓಡಿಸುತ್ತ ಆಡುವುದು ಖಂಡಿತ ಕೂಡದು. ಹಾಗೆ ಹೋದ ದೂರ ಮೊಟ್ಟೆಗೆ ಜಮೆಯಾಗುವುದೂ ಇಲ್ಲ. ಓಟದ ವೇಗ ಮೀರಿದರೆ ಆಟ ಆ ದೂರವನ್ನು ಬಿಟ್ಟುಬಿಡುತ್ತದೆ. ಫೋನನ್ನು ತಾನೇ ಅಲ್ಲಾಡಿಸಿ ಹೆಜ್ಜೆ ಕೂಡಿಸುವ ಸಾಧನಗಳೂ ಮಾರಾಟಕ್ಕಿವೆ. ಅವು ನಿಮಗೆ ಬೇಡ. ನಡೆಯಬೇಕಾದದ್ದು ನಿಮ್ಮ ಕಾಲು.

• ಗುಡಿ, ಮಸೀದಿ, ಚರ್ಚು, ಸ್ಮಶಾನ, ಆಸ್ಪತ್ರೆ ಇವುಗಳ ಒಳಗೆ ಆಟ ತೆಗೆಯಬೇಡಿ. ಪೂಜಾಸ್ಥಳಗಳಲ್ಲಿ ಆಟದ ಮೊಟ್ಟೆಗಳು ಸಿಗುತ್ತವೆ, ಇದರಿಂದ ಜನರ ಭಾವನೆಗೆ ನೋವಾಗುತ್ತದೆ ಎಂದು 2016ರಲ್ಲೇ ಗುಜರಾತ್ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಗಿತ್ತು. ಸ್ಟಾಪ್ ತಿರುಗಿಸಲು ಬಾಗಿಲಿನವರೆಗೆ ಹೋಗಬೇಕಾಗಿಲ್ಲ, ಸಾಮಾನ್ಯವಾಗಿ ರಸ್ತೆಬದಿಯಲ್ಲಿ ನಿಂತರೂ ಸಿಗುತ್ತದೆ. ಒಳಗೆ ಹೋಗುವ ಮನಸ್ಸಿದ್ದರೆ ಫೋನು ಮುಚ್ಚಿ, ಕೈಕಾಲು ತೊಳೆದು, ದರ್ಶನಕ್ಕೆಂದೇ ಹೋಗಿ ಬನ್ನಿ.

• ಆಟದ ಕ್ಯಾಮೆರಾ ನೋಟ, ಅಂದರೆ ಎಆರ್, ಆಫ್ ಮಾಡಿಡಿ. ಬ್ಯಾಟರಿ ಉಳಿಯುತ್ತದೆ, ಹಿಡಿಯುವುದೂ ಬೇಗ.

• ಈಗ ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕೆಂದಿರುವ ಮಾತು. ಹಾರ್ವರ್ಡ್‌ನ ಸಂಶೋಧಕರು ಅಮೆರಿಕದ 18ರಿಂದ 35 ವಯಸ್ಸಿನವರ ಐಫೋನ್ ಹೆಜ್ಜೆಲೆಕ್ಕ ಹಿಡಿದು ಈ ಆಟದ ಪರಿಣಾಮ ನೋಡಿದರು. 2016ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದು ಪ್ರಕಟವಾಯಿತು. ಆಟ ಹಾಕಿಕೊಂಡ ಮೊದಲ ವಾರ ದಿನಕ್ಕೆ ಸರಾಸರಿ 955 ಹೆಜ್ಜೆ ಹೆಚ್ಚಾಗಿತ್ತು. ಆಮೇಲೆ ವಾರದಿಂದ ವಾರಕ್ಕೆ ಇಳಿಯುತ್ತ ಬಂದು, ಆರನೇ ವಾರದ ಹೊತ್ತಿಗೆ ಮೊದಲಿದ್ದಲ್ಲಿಗೇ ವಾಪಸ್. ಇದನ್ನು ಓದಿ ಆಟ ದಂಡ ಅನ್ನುವವರು ಇದ್ದಾರೆ, ನಾನು ಹಾಗೆ ತಿಳಿಯುವುದಿಲ್ಲ. ಆಟ ನಿಮಗೆ ಐದಾರು ವಾರದ ಸಾಲ ಕೊಡುತ್ತದೆ. ಅಷ್ಟರೊಳಗೆ ನಡಿಗೆಗೆ ತನ್ನದೇ ಹೊತ್ತು, ತನ್ನದೇ ದಾರಿ, ಜೊತೆಗೆ ಒಬ್ಬರು ಇಷ್ಟು ದಕ್ಕಿಸಿಕೊಳ್ಳಬೇಕು. ಹೊಸತನ ಇಳಿದ ಮೇಲೂ ಎಬ್ಬಿಸುವುದು ಇವೇ ಮೂರು. ಅದಕ್ಕೇ ಮೂರನೇ ವಾರದಿಂದ ವಾರಕ್ಕೊಂದು ದಿನ ಅದೇ ಹೊತ್ತಿಗೆ, ಅದೇ ದಾರಿಯಲ್ಲಿ ಆಟ ತೆರೆಯದೆ ನಡೆದು ನೋಡಿ. ಸಿಂಕ್ ಇದ್ದೇ ಇದೆ, ಮೊಟ್ಟೆಯ ಲೆಕ್ಕ ತಪ್ಪುವುದಿಲ್ಲ. ಆ ದಿನ ಹೊರಡಲು ಮನಸ್ಸು ಹಿಂದೇಟು ಹಾಕಿದರೆ ದಾರಿಯನ್ನೋ ಹೊತ್ತನ್ನೋ ಬದಲಿಸಬೇಕು ಅಂತ ತಿಳಿಯಿರಿ.

• ತಪ್ಪಿದ ದಿನಕ್ಕೆ ಮರುಗಬೇಡಿ. ಆಟದಲ್ಲಿ ಎರಡು ಬಗೆಯ ಲೆಕ್ಕ ಇದೆ. ದಿನಾ ಒಂದಾದರೂ ಹಿಡಿದು ಏಳನೇ ದಿನ ಹೆಚ್ಚಿನ ಬಹುಮಾನ ಪಡೆಯುವ ಸ್ಟ್ರೀಕ್ ಒಂದು. ನಡುವೆ ಒಂದು ದಿನ ತಪ್ಪಿದರೆ ಮತ್ತೆ ಒಂದರಿಂದ. ಇನ್ನೊಂದು ಫೀಲ್ಡ್ ರಿಸರ್ಚ್ ಮುದ್ರೆ, ಅಂದರೆ ಆಟ ಕೊಡುವ ಚಿಕ್ಕ ಕೆಲಸ ಮುಗಿಸಿದರೆ ಸಿಗುವ ಗುರುತು. ದಿನಕ್ಕೊಂದರಂತೆ ಏಳು ಮುದ್ರೆ ಕೂಡಿಸಬೇಕು, ಆದರೆ ಸತತ ಏಳು ದಿನ ಆಗಬೇಕೆಂದಿಲ್ಲ. ಜ್ವರ ಬಂತು, ಊರಿಗೆ ಹೋಗಬೇಕಾಯಿತು, ಮನೆಯಲ್ಲಿ ಮದುವೆ, ಏನೇ ಆಗಲಿ ಕೂಡಿಸಿದ್ದು ಹಾಗೇ ಇರುತ್ತದೆ. ನಡಿಗೆಗೆ ಬೇಕಾದದ್ದು ಈ ಎರಡನೆಯ ಲೆಕ್ಕ. ಸ್ಟ್ರೀಕ್ ಉಳಿಸಲು ರಾತ್ರಿ ಹನ್ನೊಂದೂವರೆಗೆ ಹಾಸಿಗೆಯಲ್ಲಿ ಮಲಗಿಯೇ ಒಂದು ಹಿಡಿದರೆ ಕಾಲಿಗೆ ಬಂದ ಲಾಭ ಏನೂ ಇಲ್ಲ.

• ವಾರದ ದೂರಕ್ಕೂ ಬಹುಮಾನ ಇದೆ: 5, 25, 50 ಕಿ.ಮೀ. ಮೆಟ್ಟಿಲುಗಳು, ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಲೆಕ್ಕ. 25 ಕಿ.ಮೀ. ಅಂದರೆ ದಿನಕ್ಕೆ ಮೂರೂವರೆ ಕಿಲೋಮೀಟರಿಗಿಂತ ತುಸು ಹೆಚ್ಚು. ಅಂಗಡಿಗೆ, ಬಸ್ ಸ್ಟಾಪಿಗೆ, ಆಫೀಸಿನ ಮೆಟ್ಟಿಲಿಗೆ ಇಟ್ಟ ಹೆಜ್ಜೆಗಳೂ ಸೇರುವುದರಿಂದ ಇದು ಎಟುಕುವ ಗುರಿ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಆಗಲೇಬೇಕು ಅಂತ ಹಟ ಬೇಡ. ಆ ಸಂಖ್ಯೆ ಹೆಸರಾದದ್ದು 1965ರಲ್ಲಿ ಜಪಾನಿನ ಯಮಾಸಾ ಕಂಪನಿ ಮಾರಿದ ಹೆಜ್ಜೆ ಎಣಿಸುವ ಸಾಧನದಿಂದ. ಸರಾಸರಿ 72 ವಯಸ್ಸಿನ ಅಮೆರಿಕದ ಹೆಂಗಸರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆಯವರಿಗಿಂತ 4,400 ಹೆಜ್ಜೆಯವರಲ್ಲಿ ಸಾವಿನ ಪ್ರಮಾಣ ಸಾಕಷ್ಟು ಕಡಿಮೆ ಕಂಡಿತ್ತು. 7,500ರ ಆಸುಪಾಸಿನ ನಂತರ ಲಾಭ ಮತ್ತೆ ಹೆಚ್ಚಿದಂತೆ ಕಾಣಲಿಲ್ಲ. ನಿಮ್ಮ ಅಮ್ಮ, ಅತ್ತೆಯವರಿಗೆ ಈ ಮಾತು ತಿಳಿಸಿ, ಧೈರ್ಯ ಬರುತ್ತದೆ.

• ದುಡ್ಡು ಹಾಕಬೇಡಿ. ಕಿತ್ತಳೆ ಬಣ್ಣದ ಇನ್‌ಕ್ಯುಬೇಟರ್ ಎಲ್ಲರಿಗೂ ಉಚಿತ, ಎಂದಿಗೂ ಮುಗಿಯುವುದಿಲ್ಲ. ನೀಲಿಯದನ್ನು ಮೂರು ಸಲ ಬಳಸಿದರೆ ಮುಗಿಯಿತು, ಮತ್ತೆ ಬೇಕೆಂದರೆ ನಾಣ್ಯ ತೆರಬೇಕು. 2 ಕಿ.ಮೀ. ಮೊಟ್ಟೆಗಳನ್ನು ಸದಾ ಕಿತ್ತಳೆಯದರಲ್ಲೇ ಇಡಿ. ನಾಣ್ಯ ಬೇಕಾದರೆ ಆಟದ ನಕ್ಷೆಯಲ್ಲಿ ಕಾಣುವ ಜಿಮ್‌ನಲ್ಲಿ ನಿಮ್ಮ ಪೋಕೆಮಾನ್ ಕೂರಿಸಿ, ದಿನಕ್ಕೆ 50ರವರೆಗೆ ಗಳಿಸಬಹುದು. ಜಿಮ್‌ವರೆಗೆ ನಡೆದದ್ದೂ ನಡಿಗೆಯೇ. ಮಕ್ಕಳ ಕೈಗೆ ಫೋನು ಕೊಡುವವರು ಆಟ ಹಾಕುವ ಮುಂಚೆಯೇ ಖರೀದಿಗೆ ಪಾಸ್‌ವರ್ಡ್ ಇಡಿ. ಉಳಿದ ದುಡ್ಡಲ್ಲಿ ಒಂದು ಜೊತೆ ಒಳ್ಳೆ ಶೂ ತೆಗೆದುಕೊಳ್ಳಿ.

• ಶೂ ಅಂದೆ. ಹವಾಯಿ ಚಪ್ಪಲಿಯಲ್ಲಿ ದಿನಾ ಮೂರು ನಾಲ್ಕು ಕಿಲೋಮೀಟರ್ ನಡೆದರೆ ಹಿಮ್ಮಡಿ ನೋವು ತಪ್ಪಿದ್ದಲ್ಲ. ಸಕ್ಕರೆ ಕಾಯಿಲೆ ಇರುವವರು ಮನೆಗೆ ಬಂದ ಮೇಲೆ ಅಂಗಾಲು, ಬೆರಳಸಂದಿ ನೋಡಿಕೊಳ್ಳಲೇಬೇಕು. ಗುಳ್ಳೆ ಎದ್ದರೂ ಅರಿವಿಗೆ ಬಾರದಿರಬಹುದು. ನಡೆಯುವಾಗ ಎದೆ ಬಿಗಿದರೆ, ಎಡಗೈಗೋ ದವಡೆಗೋ ನೋವು ಹರಿದರೆ, ತಲೆ ಸುತ್ತಿದರೆ ತಕ್ಷಣ ಕೂತು ಸಹಾಯಕ್ಕೆ ಕರೆಯಿರಿ. ಹೃದಯದ ತೊಂದರೆ ಮೊದಲೇ ಇದ್ದವರು ಡಾಕ್ಟರನ್ನು ಕೇಳಿಯೇ ಶುರುಮಾಡಬೇಕು.

• ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು, ಕರಾವಳಿಯವರಿಗೆ ಹೊರಗೆ ಹೋಗಲಾಗದ ವಾರಗಳಿರುತ್ತವೆ. ಆಗ ಅಂಗಳದ ಜಗಲಿ, ಅಪಾರ್ಟ್‌ಮೆಂಟಿನ ಕಾರಿಡಾರ್ ಸಾಕು. ಹೆಜ್ಜೆ ಎಣಿಸುವುದು ಫೋನೇ ಆದ್ದರಿಂದ ಮಾಡಿನ ಕೆಳಗೂ ದೂರ ಸೇರುತ್ತದೆ.

• ಹೆಣ್ಣುಮಕ್ಕಳು ಹೊತ್ತು ಮುಳುಗಿದ ಮೇಲೆ ಆಡುವುದಾದರೆ ಜನ ಓಡಾಡುವ ಬೀದಿಯಲ್ಲಿ, ಜೊತೆಗೊಬ್ಬರಿದ್ದಾಗ ಆಡಿ. ಎಲ್ಲಿದ್ದೀರಿ ಅಂತ ಮನೆಯವರಿಗೆ ಲೊಕೇಶನ್ ಕಳಿಸಿ. ಅಪರೂಪದ್ದೇನೋ ಬಂತೆಂದು ಕತ್ತಲ ಓಣಿಗೆ ತಿರುಗಬೇಡಿ. ಆಟದಲ್ಲಿ ಪರಿಚಯವಾದವರನ್ನು ಭೇಟಿಯಾಗುವುದು ಹಗಲಲ್ಲಿ, ಪಾರ್ಕಿನಲ್ಲಿ, ಹತ್ತು ಜನರ ನಡುವೆ.

• ಪೋಕೆಮಾನ್ ಹಿಡಿಸದವರಿಗೆ ಬೇರೆಯೂ ಇವೆ. ಝಾಂಬೀಸ್, ರನ್! ಅನ್ನುವುದು 2012ರಲ್ಲಿ ಬಂದದ್ದು, ಕಿವಿಯಲ್ಲಿ ಇಂಗ್ಲಿಷ್ ಕಥೆ ಕೇಳುತ್ತ ನಡೆಯುವ, ಓಡುವ ಆಟ. ಕಣ್ಣು ದಾರಿಯ ಮೇಲೇ ಇರುತ್ತದೆ. 2021ರ ಪಿಕ್ಮಿನ್ ಬ್ಲೂಮ್‌ನಲ್ಲಿ ನಡೆದ ದಾರಿಯುದ್ದಕ್ಕೂ ಹೂವು ನೆಡುತ್ತ ಹೋಗಬಹುದು, ಹೊಡೆದಾಟದ ಗಲಾಟೆ ಇಲ್ಲ. ಯಾವುದನ್ನಾದರೂ ಆರಿಸಿಕೊಳ್ಳಿ, ಆದರೆ ಒಂದೇ ಸಲ ಮೂರು ಹಾಕಿಕೊಳ್ಳಬೇಡಿ.

• ಊರಲ್ಲಿರುವ ಅಪ್ಪ ಅಮ್ಮನ ಫೋನಿಗೂ ಹಾಕಿಕೊಡಿ. ಮುಂದಿನ ಸಲ ಹೋದಾಗ ಪಕ್ಕದಲ್ಲಿ ಕೂತು ಸಿಂಕ್ ಆನ್ ಮಾಡಿ, ಒಂದು ಕಿಲೋಮೀಟರಿಗೇ ಕ್ಯಾಂಡಿ ಎಂಬ ಬಹುಮಾನ ತರುವ ಪಿಕಾಚುವನ್ನು ಜೊತೆಗಾರನನ್ನಾಗಿ ಕೂರಿಸಿ, ಬೀದಿ ಕೊನೆಯ ಸ್ಟಾಪಿನವರೆಗೆ ಒಟ್ಟಿಗೆ ನಡೆದು ಹೇಗೆ ತಿರುಗಿಸುವುದೆಂದು ತೋರಿಸಿ. ಆಮೇಲೆ ಇಬ್ಬರೂ ಆಟದಲ್ಲಿ ಫ್ರೆಂಡ್ ಆಗಿ. ಸ್ಟಾಪಿನಲ್ಲಿ ಸಿಗುವ ಗಿಫ್ಟ್ ಅನ್ನು ಫ್ರೆಂಡಿಗೆ ಕಳಿಸಬಹುದು. ಅದರ ಮೇಲೆ ಆ ಸ್ಟಾಪಿನ ಹೆಸರು, ಫೋಟೊ ಇರುತ್ತದೆ. ಅಮ್ಮ ಇವತ್ತು ಆಂಜನೇಯನ ಗುಡಿಯವರೆಗೆ ಹೋಗಿದ್ದರು ಅಂತ ನಿಮಗೆ ಬೆಂಗಳೂರಿನಲ್ಲಿ, ದುಬೈನಲ್ಲಿ ಕೂತೇ ತಿಳಿಯುತ್ತದೆ. 7 ಕಿ.ಮೀ. ಮೊಟ್ಟೆ ಸಿಗುವುದೂ ಇಂಥ ಗಿಫ್ಟ್‌ಗಳಿಂದ. ನೀವೂ ದಿನಕ್ಕೊಂದು ಅವರಿಗೆ ಕಳಿಸಿ.